ಐನೂರು ಡಿಗ್ರಿಯ ಸುಳ್ಳು

ಸೇಡು ತೀರಿಸಿಕೊಂಡವರು ಅದನ್ನು ಬರೆಯಲು ಕೂತಾಗ ಯಾಕೋ ನಾಚಿಕೊಳ್ಳುತ್ತಾರೆ. ಕಡೆಗೆ ಕ್ಷಮಿಸಿಬಿಟ್ಟೆ ಅಂತಲೋ, ಕಾಲವೇ ಎಲ್ಲ ಮಾಯಿಸಿತು ಅಂತಲೋ ಒಂದು ಸಾಲು ಸೇರಿಸುತ್ತಾರೆ. ನಾನು ಸೇರಿಸುವುದಿಲ್ಲ. ಭಾಲ್ಕಿಯ ಕಾಲೇಜೊಂದರಲ್ಲಿ ನನಗೆ ಸಂಶೋಧನೆ ಕಲಿಸಬೇಕಾಗಿದ್ದ ಸರ್ ಒಬ್ಬರನ್ನು ನಾಲ್ಕು ಮಂದಿಯ ಎದುರು ತಲೆ ತಗ್ಗಿಸುವಂತೆ ಮಾಡಬೇಕು ಅಂತ ಹಟ ಹಿಡಿದು ಕಾದೆ, ಮಾಡಿದೆ. ಇವತ್ತಿಗೂ ಅದು ನೆನಪಾದ ದಿನ ನನಗೆ ಎರಡು ತುತ್ತು ಹೆಚ್ಚಿಗೆ ಊಟ ಸೇರುತ್ತದೆ.

ಅವರನ್ನು ನಾನು ಬಹುವಚನದಲ್ಲೇ ಬರೆಯುತ್ತೇನೆ. ಅದು ಮರ್ಯಾದೆಗಲ್ಲ. ನನಗೆ ಮಾತು ಕಲಿಸಿದ್ದು ನಮ್ಮ ಆಯಿ, ಅಂದರೆ ಅಪ್ಪನ ತಾಯಿ. ಆಕೆ ಹೇಳುತ್ತಿದ್ದಳು: "ಬೈಯೂದಿದ್ರ 'ರಿ' ಹಚ್ಚಿ ಬೈ. ರಿ ಇಲ್ಲದ ಬೈಗುಳ ಮೈಮ್ಯಾಲಿಂದ ಜಾರಿ ಬೀಳ್ತದ, ರಿ ಹಚ್ಚಿದ್ದು ಒಳಗ ಇಳೀತದ."

ನಮ್ಮದು ಔರಾದ ತಾಲ್ಲೂಕಿನ ಚಿಂತಾಕಿ. ಬರಗಾಲದ ಎರಡನೆಯ ವರ್ಷ ನಮ್ಮ ಓಣಿಯ ಅರ್ಧ ಮನೆಗಳಿಗೆ ಕೀಲಿ ಬಿತ್ತು. ಅಪ್ಪ, ಅವ್ವ, ತಮ್ಮ ಹೈದರಾಬಾದಿಗೆ ಕಟ್ಟಡದ ಕೆಲಸಕ್ಕೆ ಹೋದರು. ಆಯಿ ಮಾತ್ರ "ಈ ವಯಸ್ಸಿನ್ಯಾಗ ನಾ ಲಾರಿ ಹತ್ತೂದಿಲ್ಲ" ಅಂತ ತನ್ನ ಪೆಟಾರಿ ಹೊತ್ತುಕೊಂಡು ಭಾಲ್ಕಿಯ ನನ್ನ ಬಾಡಿಗೆ ಖೋಲಿಗೆ ಬಂದಳು. ಗೋಡೆಗೆ ಬುದ್ಧನ ಪಟ ಹಾಕಿದಳು, ಮೂಲೆಗೆ ಕೊಡ ಇಟ್ಟಳು, "ಈಗ ಇದು ಮನಿ" ಅಂದಳು. ನಮ್ಮ ಮನೆತನದಲ್ಲಿ ಎಂ.ಎಸ್ಸಿ. ಮುಗಿಸಿದವಳು ನಾನೊಬ್ಬಳೇ. ಕಾಲೇಜಿನಲ್ಲಿ ಒಂದು ಸಂಶೋಧನಾ ಯೋಜನೆಗೆ ಸಹಾಯಕಿಯಾಗಿ ಸೇರಿದ್ದೆ. ಅದರ ಮೇಲೇ ಪಿಎಚ್‌.ಡಿ.ಗೆ ಹೆಸರು ನೋಂದಾಯಿಸಿದ್ದೆ. ಅದು ಪೂರ್ತಿಯಾದರೆ ಊರಿನ ಕೀಲಿ ತೆಗೆಸಬಹುದು ಅಂತ ನನ್ನ ಲೆಕ್ಕಾಚಾರ.

ಕೆಲಸ ಇಷ್ಟು. ಭೂಮಿಯಿಂದ ತೆಗೆದ ಕಚ್ಚಾ ತೈಲದಲ್ಲಿ ಒಂದು ಜಾತಿ ಬಹಳ ಗಟ್ಟಿ. ಚಳಿಗಾಲದಲ್ಲಿ ಡಬ್ಬಿ ಬೋರಲು ಹಾಕಿದರೂ ಕೆಳಗೆ ಬೀಳುವುದಿಲ್ಲ, ರಸ್ತೆಯ ಡಾಂಬರಿನ ಹಾಗೆ. ಅದನ್ನು ತೆಳ್ಳಗೆ ಮಾಡಲು ಬಿಸಿ ಬೇಕು, ಜೊತೆಗೆ ಒಂದು ಪುಡಿ ಬೇಕು. ಬಿಳಿ ಅಲ್ಯೂಮಿನಾ ಪುಡಿಯ ಮೈಮೇಲೆ ನಿಕ್ಕಲ್ಲಿನ ಕಣಗಳನ್ನು ಕೂರಿಸುತ್ತೇವೆ. ಎಷ್ಟು ಸಣ್ಣ ಕಣ ಅಂದರೆ, ಮಾಮೂಲಿ ಸೂಕ್ಷ್ಮದರ್ಶಕದಲ್ಲೂ ಕಾಣದಷ್ಟು. ಈ ನ್ಯಾನೊ ಕಣಗಳು ತೈಲದ ದೊಡ್ಡ ಅಣುಗಳನ್ನು ಕಡಿದು ಸಣ್ಣದು ಮಾಡುತ್ತವೆ. ಕಣ ಸಣ್ಣದಿದ್ದಷ್ಟೂ ಚಲೋ. ತೊಂದರೆ ಏನಂದರೆ ಈ ಕೆಲಸಕ್ಕೆ ಬೇಕಾದ ಬಿಸಿಯಲ್ಲೇ ಕಣಗಳು ಒಂದಕ್ಕೊಂದು ಅಂಟಿ ದಪ್ಪಗಾಗುತ್ತವೆ, ದಪ್ಪಗಾದ ಪುಡಿ ಸತ್ತ ಪುಡಿ. ಆದ್ದರಿಂದ ಯಾರೇ ಹೊಸ ಪುಡಿ ಮಾಡಿದರೂ ಮೊದಲು ಕೇಳುವ ಪ್ರಶ್ನೆ: ಎಷ್ಟು ಬಿಸಿಗೆ, ಎಷ್ಟು ತಾಸು ತಾಳುತ್ತದೆ?

ಆಯಿಗೆ ಇದನ್ನು ಸಾರಿನ ಮೇಲಿನ ಎಣ್ಣೆ ತೋರಿಸಿ ತಿಳಿಸಿದ್ದೆ. ಸಣ್ಣ ಸಣ್ಣ ಹನಿ ತೇಲುತ್ತಿರುತ್ತವೆ, ನೋಡುನೋಡುತ್ತ ದೊಡ್ಡದು ಸಣ್ಣದನ್ನು ಎಳೆದುಕೊಂಡು ಒಂದಾಗುತ್ತದೆ. ಆಯಿ ಚಮಚ ಹಿಡಿದು ಸ್ವಲ್ಪ ಹೊತ್ತು ನೋಡಿದಳು.

"ಸಣ್ಣವರನ್ನ ನುಂಗಿ ದಪ್ಪ ಆದದ್ದು ಕೆಲಸಕ್ಕ ಬರೂದಿಲ್ಲ ಅಂತೀ?"

"ಹೂಂ ಆಯಿ."

"ಹಂಗಾದ್ರ ನಿಮ್ಮ ಸರ್‌ನ ಭಟ್ಟ್ಯಾಗ ಇಟ್ಟು ತೆಗದಾರ ಅನ್ನು."

ಅವರನ್ನು ಆಯಿ ನೋಡಿದ್ದು ಒಂದೇ ಸಲ. ನನಗೆ ಬುತ್ತಿ ಕೊಡಲು ಪ್ರಯೋಗಾಲಯದ ಬಾಗಿಲಿಗೆ ಬಂದಾಗ ಸರ್ "ಅಲ್ಲೇ ನಿಂದ್ರು, ಒಳಗ ಬರಬ್ಯಾಡ" ಅಂದಿದ್ದರು. ಅವರ ಕುಡಿಯುವ ನೀರಿನ ಹೂಜಿಯೂ ಬೇರೆಯೇ ಇತ್ತು, ಮೇಲಿನ ಮುಚ್ಚಳದ ಮೇಲೆ ಅವರ ಲೋಟ ಬೋರಲು. ಯಾರೂ ಮುಟ್ಟಬೇಡಿ ಅಂತ ಬರೆದಿರಲಿಲ್ಲ. ಬರೆಯದಿದ್ದರೂ ಓದಲು ನಮಗೆ ಬರುತ್ತಿತ್ತು.

ನಮ್ಮ ಕಾಲೇಜು ಊರ ಹೊರಗೆ, ಪಂಪ್‌ಸೆಟ್ಟುಗಳ ಲೈನಿನ ಮೇಲೆ. ಬರಗಾಲದ ವರ್ಷಗಳಲ್ಲಿ ಆ ಲೈನಿಗೆ ತ್ರೀ ಫೇಸ್ ಕರೆಂಟು ದಿನಕ್ಕೆ ಮೂರು ತಾಸು ಬಂದರೆ ಹೆಚ್ಚು. ಉಳಿದ ಹೊತ್ತು ಸಿಂಗಲ್ ಫೇಸ್. ಬಲ್ಬು ಉರಿಯುತ್ತಿತ್ತು, ಫ್ಯಾನು ತಿರುಗುತ್ತಿತ್ತು, ಪುಡಿ ಕಾಯಿಸುವ ಭಟ್ಟಿಯ ಮುಂದಿನ ಕೆಂಪು ದೀಪವೂ ಉರಿಯುತ್ತಿತ್ತು. ಒಳಗಿನ ಸುರುಳಿ ಮಾತ್ರ ಕಾಯುತ್ತಿರಲಿಲ್ಲ, ಅದಕ್ಕೆ ತ್ರೀ ಫೇಸೇ ಬೇಕು. ಭಟ್ಟಿಗೆ ಎರಡು ಮೀಟರು: ಮೇಲಿನದು ನಾವು ಎಷ್ಟು ಬಿಸಿ ಬೇಕು ಅಂತ ಹೇಳಿದ್ದನ್ನು ತೋರಿಸುತ್ತದೆ, ಕೆಳಗಿನದು ಒಳಗೆ ನಿಜಕ್ಕೂ ಎಷ್ಟಿದೆ ಅನ್ನುವುದನ್ನು. ಸರ್ ಬಾಗಿಲಲ್ಲೇ ನಿಂತು ಮೇಲಿನದನ್ನು ನೋಡಿ "ಐನೂರು ಅದ, ಬರಾಬರ್" ಅಂತ ಹೋಗಿಬಿಡುವರು. ಕೆಳಗಿನದನ್ನು ನೋಡಲು ಬಗ್ಗಬೇಕಾಗುತ್ತಿತ್ತು.

ನಾನು ಬಗ್ಗಿ ನೋಡುತ್ತಿದ್ದೆ. ಸರ್ ತಯಾರಿಸಿದ ಪುಡಿಯನ್ನು ಐನೂರು ಡಿಗ್ರಿಯಲ್ಲಿ ನೂರು ತಾಸು ಕಾಯಿಸುವ ಪರೀಕ್ಷೆ, ದಿನಕ್ಕೆ ಹತ್ತು ತಾಸಿನಂತೆ ಹತ್ತು ದಿನ. ನಾನು ರಜಿಸ್ಟರಿನಲ್ಲಿ ಬರೆದದ್ದು ಹೀಗೆ: ಹತ್ತಕ್ಕೆ ಕರೆಂಟು ಬಂತು, ಹತ್ತೂಮುಕ್ಕಾಲಿಗೆ ಐನೂರು, ಒಂದಕ್ಕೆ ಹೋಯಿತು, ಮೂರಕ್ಕೆ ನೂರಾ ಎಂಬತ್ತು. ಒಂದು ದಿನ ಬರಲೇ ಇಲ್ಲ, ಉಳಿದ ಒಂಬತ್ತು ದಿನ ಸುಮಾರು ಇದೇ. ನೂರು ತಾಸು ಅಂದದ್ದರಲ್ಲಿ ಪುಡಿಗೆ ನಿಜವಾದ ಬಿಸಿ ತಗುಲಿದ್ದು ಇಪ್ಪತ್ತು ತಾಸಿನ ಹತ್ತಿರ.

ಸರ್ ರಜಿಸ್ಟರು ನೋಡಿ ಆ ಹಾಳೆಗಳನ್ನು ಹರಿದು ಮಡಚಿ ಕಿಸೆಗೆ ಹಾಕಿಕೊಂಡರು.

"ಇದು ಸೈನ್ಸಿನ ರಜಿಸ್ಟರೋ, ಕರೆಂಟ್ ಆಫೀಸಿಂದೋ? ಸ್ವಿಚ್ ಎಷ್ಟು ತಾಸು ಹಾಕಿದ್ದಿ ಅದನ್ನ ಬರಿ."

"ಸ್ವಿಚ್ ಹಾಕಿತ್ತರಿ, ಬಿಸಿ ಇರಲಿಲ್ಲರಿ."

"ನಿನಗ ಪಿಎಚ್‌.ಡಿ. ಬೇಕೋ ಬ್ಯಾಡೋ?"

ಬೇಕಿತ್ತು. ಅಲ್ಲೇ ಕೂತು ಒಂದೇ ಪೆನ್ನಿನಲ್ಲಿ ಹತ್ತು ದಿನದ ಸುಳ್ಳು ಬರೆದೆ. ಬೆಳಿಗ್ಗೆ ಎಂಟರಿಂದ ಸಂಜೆ ಆರು, ಐನೂರು ಡಿಗ್ರಿ. ಹತ್ತು ಸಲ ಅದೇ ಸಾಲು. ಇದನ್ನು ನಾನು ಮುಚ್ಚಿಡುವುದಿಲ್ಲ. ಮುಂದೆ ನನ್ನನ್ನು ಹೆಚ್ಚು ಚುಚ್ಚಿದ್ದೂ ಇದೇ.

ಸರ್ ಅದರ ಮೇಲೆ ಪ್ರಬಂಧ ಪ್ರಕಟಿಸಿದರು. ಬೀದರಿನಲ್ಲಿ ಹಾರ ಹಾಕಿಸಿಕೊಂಡರು. ಯೋಜನೆಗೆ ಹಣ ಕೊಟ್ಟಿದ್ದ ತೈಲ ಕಂಪನಿಯವರು ಒಂದು ಬಾಟಲಿ ಪುಡಿ ಒಯ್ದು ತಮ್ಮಲ್ಲಿ ಕಾಯಿಸಿ ನೋಡಿದರು. ಅವರ ಭಟ್ಟಿಗೆ ಬರಗಾಲ ಇರಲಿಲ್ಲ. ಎರಡೇ ದಿನಕ್ಕೆ ಪುಡಿ ಸತ್ತಿತು. ಅವರಿಂದ ಕಾಗದ ಬಂತು, ಇದು ಹೇಗೆ ಅಂತ.

ಆವತ್ತು ಸರ್ ವಿಭಾಗದ ಎಲ್ಲರನ್ನೂ ಕರೆದು ನಿಲ್ಲಿಸಿಕೊಂಡರು. "ನನ್ನ ಪುಡಿ ಚಲೋನೇ ಇತ್ತು. ಕೈ ಸ್ವಚ್ಛ ಇರಲಾರದ ಮಂದಿಗೆ ಲ್ಯಾಬಿನ್ಯಾಗ ಬಿಟ್ಟಿದ್ದು ನನ್ನ ತಪ್ಪು. ತೊಳಿಯೂದ ಗೊತ್ತಿಲ್ಲ, ಮುಟ್ಟಿ ಕೆಡಸಿಟ್ಟಾಳ" ಅಂದರು. 'ಮಂದಿ' ಅನ್ನುವಾಗ ಎಲ್ಲಿಗೆ ನೋಡಬೇಕೋ ಅಲ್ಲಿಗೇ ನೋಡಿದರು. ಮರುದಿನ ಅಶುಚಿಯಾದ ಕೈಗಳಿಂದ ಮಾದರಿ ಕೆಟ್ಟಿದೆ ಅಂತ ಕಾಗದದಲ್ಲಿ ಬರೆದು ನನ್ನನ್ನು ಯೋಜನೆಯಿಂದ ತೆಗೆದರು. ಪಿಎಚ್‌.ಡಿ. ನೋಂದಣಿಯನ್ನೂ ರದ್ದು ಮಾಡಬೇಕು ಅಂತ ಮೇಲಕ್ಕೆ ಬರೆದರು.

ನಾನು ಖೋಲಿಗೆ ಬಂದು ಬಾಗಿಲು ಹಾಕಿಕೊಂಡು ಅತ್ತೆ. ಆಯಿ ಅಳಲು ಬಿಟ್ಟಳು. ಆಮೇಲೆ ನನ್ನ ಎರಡೂ ಕೈ ಹಿಡಿದು ತಿರುಗಿಸಿ ನೋಡಿ, "ಈ ಕೈಲಿಂದನೇ ಅವನ ಮಾರಿಗೆ ಮಸಿ ಹಚ್ಚು. ಇಲ್ಲಂದ್ರ ನನಗ ಆಯಿ ಅನಬ್ಯಾಡ" ಅಂದಳು. ಕ್ಷಮೆ, ಕರುಣೆ ಅಂತ ದಿನಾ ಬುದ್ಧವಂದನೆ ಹೇಳುವವಳು. ಕೇಳಿದ್ದಕ್ಕೆ, "ಬುದ್ಧನ ಕೂಡ ನಾ ಮಾತಾಡ್ತೇನಿ, ನೀ ನಿನ್ನ ಕೆಲಸ ನೋಡು" ಅಂದಳು.

ಹೊಟ್ಟೆಪಾಡಿಗೆ ನಾನು ಕಾಲೇಜಿನ ಎದುರಿಗಿದ್ದ ಹಿಟ್ಟಿನ ಗಿರಣಿಯಲ್ಲಿ ಕೆಲಸಕ್ಕೆ ನಿಂತೆ. ಗಿರಣಿ ನಡೆಸುತ್ತಿದ್ದವಳನ್ನು ಊರೆಲ್ಲ ಕಾಕಿ ಅಂತಲೇ ಕರೆಯುತ್ತಿತ್ತು. ಹಣೆತುಂಬ ವಿಭೂತಿ, ದನಿ ಗಿರಣಿಗಿಂತ ಜೋರು. ಹೋದ ದಿನವೇ ತನ್ನ ಕೊಡದಿಂದ ಚರಿಗೆಯಲ್ಲಿ ನೀರು ಮೊಗೆದು ಕೈಗಿಟ್ಟಳು. "ಕುಡಿ. ಬಿಸಿಲಾಗ ಬಂದೀದಿ. ಎಂ.ಎಸ್ಸಿ. ಕಲ್ತಾಕಿಗಿ ಜ್ವಾಳ ಅಳಿಲಿಕ್ಕಿ ಬರ್ತದಲ್ಲ?"

ಬಂತು. ಮೂರನೆಯ ದಿನ ಗೋಡೆಯ ಕ್ಯಾಲೆಂಡರ್ ಕಣ್ಣಿಗೆ ಬಿತ್ತು. ಒಂದೊಂದು ತಾರೀಖಿನ ಚೌಕದೊಳಗೂ ಸೀಸದ ಕಡ್ಡಿಯಲ್ಲಿ ಏನೋ ಗೀಚಿತ್ತು: ೧೦–೧. ೧೦–೧. ೧೧–೧. ಇಲ್ಲ.

"ಇದೇನ್ ಕಾಕಿ?"

"ತ್ರೀ ಫೇಸ್ ಬಂದಿದ್ದು, ಹೋಗಿದ್ದು. ಔರಾದ ಕಡಿಂದ ಮಂದಿ ಜ್ವಾಳ ಹೊತ್ಕೊಂಡು ಬರ್ತಾರ. ನಿನ್ನಿ ಯಾವಾಗ ಬಂದಿತ್ತು, ಮೊನ್ನಿ ಯಾವಾಗ ಬಂದಿತ್ತು ಅಂತ ಕೇಳ್ತಾರ. ಗ್ವಾಡಿ ನೋಡಿ ಹೇಳ್ತೇನಿ."

"ಹೋದ ವರ್ಷದ್ದೂ ಬರೆದೀರಿ?"

ಕಾಕಿ ಕ್ಯಾಲೆಂಡರಿನ ತುದಿ ಎತ್ತಿದಳು. ಅದರ ಕೆಳಗೆ ಹೋದ ವರ್ಷದ್ದು. ಅದರ ಕೆಳಗೆ ಅದರ ಹಿಂದಿನ ವರ್ಷದ್ದು. ಒಂದೇ ಮೊಳೆಗೆ ಆರು ವರ್ಷ ತೂಗುತ್ತಿದ್ದವು. ನಮ್ಮ ಕಡೆ ಇದು ಎಲ್ಲರ ಮನೆಯಲ್ಲೂ ಇರುವ ಪದ್ಧತಿ. ಕ್ಯಾಲೆಂಡರಿನ ಮೇಲೆ ದೇವರ ಚಿತ್ರ ಇರುತ್ತದೆ, ಹರಿದು ಒಲೆಗೆ ಹಾಕಬಾರದು, ಕಸಕ್ಕೆ ಎಸೆಯಬಾರದು. ಆದ್ದರಿಂದ ಹೊಸದನ್ನು ಹಳೆಯದರ ಮೇಲೆಯೇ ತೂಗುಹಾಕುತ್ತೇವೆ. ನಾನು ಪರೀಕ್ಷೆ ನಡೆಸಿದ ತಿಂಗಳು ಎರಡನೆಯ ದೇವರ ಕೆಳಗೆ ಸಿಕ್ಕಿತು. ಹತ್ತು ದಿನಗಳ ಮೇಲೂ ಬೆರಳಿಟ್ಟು ಓದಿದೆ. ಸರ್ ಹರಿದುಕೊಂಡು ಹೋದ ನನ್ನ ಹಾಳೆಗಳು ರಸ್ತೆಯ ಈಚೆ ಪಕ್ಕ ಗೋಡೆಯ ಮೇಲೆ ಉಳಿದಿದ್ದವು. ಯಾಕೆಂದರೆ ಗಿರಣಿಗೂ ನಮ್ಮ ಭಟ್ಟಿಗೂ ಒಂದೇ ಕಂಬದಿಂದ ತಂತಿ.

ಯೋಜನೆಯ ಕಡೆಯ ವಿಚಾರಣೆ ಬೀದರಿನಲ್ಲಿ ಆಯಿತು. ನನ್ನ ನೋಂದಣಿಯ ವಿಷಯವೂ ಅಲ್ಲೇ ತೀರ್ಮಾನವಾಗಬೇಕಿತ್ತು. ನಾನು ಕ್ಯಾಲೆಂಡರುಗಳನ್ನು ಜೋಳದ ಚೀಲದಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದೆ. "ಕಾಲಾಗ ಇಡಬ್ಯಾಡ, ದೇವ್ರಿದ್ದಾವ" ಅಂತ ಕಾಕಿ ಕಿಟಕಿಯವರೆಗೂ ಬಂದು ಹೇಳಿದ್ದಳು. ಮಡಿಲಲ್ಲೇ ಇಟ್ಟುಕೊಂಡು ಹೋದೆ.

ಸಮಿತಿಯಲ್ಲಿ ಮೂವರು. ಹಿರಿಯರು ಹೈದರಾಬಾದಿನಿಂದ ಬಂದಿದ್ದ ಬೆಳ್ಳಗೂದಲಿನ ಮೇಡಂ, ತೈಲದ ಕೆಲಸದಲ್ಲೇ ಆಯುಷ್ಯ ಕಳೆದವರು. ನಾನು ಹೇಳಿದ್ದನ್ನು ಕೇಳಿ ಸರ್‌ಗೆ ಅಂದರು: "ನೀವು ನಿಮ್ಮ ರಜಿಸ್ಟರ್ ಓದ್ರಿ. ಆಕಿ ತನ್ನ ಕ್ಯಾಲೆಂಡರ್ ಓದಲಿ. ಒಂದೊಂದೇ ದಿನ."

ಸರ್ ಗಂಟಲು ಸರಿಮಾಡಿಕೊಂಡರು. "ಮೊದಲನೇ ದಿನ. ಬೆಳಿಗ್ಗೆ ಎಂಟರಿಂದ ಸಂಜೆ ಆರು. ಐನೂರು ಡಿಗ್ರಿ."

ನಾನು ಓದಿದೆ. "ಹತ್ತರಿಂದ ಒಂದು."

"ಎರಡನೇ ದಿನ. ಎಂಟರಿಂದ ಆರು. ಐನೂರು."

"ಹತ್ತೂವರಿಯಿಂದ ಒಂದು. 'ಮದುವಿ ಮನಿ ಗೋದಿ ಅರ್ಧಕ್ಕ ಉಳೀತು' ಅಂತ ಅದ್ರಿ."

"ಮೂರನೇ ದಿನ. ಎಂಟರಿಂದ ಆರು."

"'ಬರಲೇ ಇಲ್ಲ. ಇವರ ಮನಿ ಹಾಳಾಗಲಿ.'"

ಸಮಿತಿಯ ಒಬ್ಬರು ನಕ್ಕುಬಿಟ್ಟರು. ಸರ್ ಮುಖ ಕೆಂಪಗಾಯಿತು. ನನಗೆ ಹಾಲು ಕುಡಿದಷ್ಟು ಸಂತೋಷ. ಆದರೆ ಆ ಸಂತೋಷ ಬಾಗಿಲ ತನಕವೂ ಉಳಿಯಲಿಲ್ಲ. ಸರ್ ರಜಿಸ್ಟರನ್ನು ಮೇಡಂ ಮುಂದೆ ತಿರುಗಿಸಿಟ್ಟರು.

"ಹಿಟ್ಟಿನ ಗಿರಣಿ ಕ್ಯಾಲೆಂಡರ್ ನೋಡಿ ಸೈನ್ಸ್ ಮಾಡೂದಿದ್ರ ಮಾಡ್ರಿ ಮೇಡಂ. ಆದ್ರ ಈ ಅಕ್ಷರ ಯಾರದು ಕೇಳ್ರಿ."

ಮೇಡಂ ನನ್ನ ಕಡೆ ನೋಡಿದರು.

"ನಂದೇರಿ" ಅಂದೆ.

"ಎಲ್ಲಾ ಹತ್ತು ದಿನದ್ದೂ?"

"ಹೌದ್ರಿ. ಸರ್ ಬರಿ ಅಂದ್ರು, ಬರದೆ. ಸುಳ್ಳಂತ ಗೊತ್ತಿದ್ದು ಬರದೆ."

ಸರ್ ನಿಧಾನವಾಗಿ ಕುರ್ಚಿಗೆ ಒರಗಿದರು. "ನೋಡ್ರಿ. ಆವತ್ತ ಸುಳ್ಳು ಬರದೇನಿ ಅಂತ ತಾನೇ ಹೇಳ್ತಾಳ. ಇವತ್ತ ಖರೆ ಹೇಳ್ತಾಳ ಅಂತ ಹ್ಯಾಂಗ ನಂಬೂದು?"

ಮೇಡಂ ನನ್ನ ಕೈ ಸೋಕದ ಪುಡಿ ಉಳಿದಿದ್ದರೆ ಅದನ್ನು ಕಾಯಿಸಿ ನೋಡೋಣ ಅಂದರು. ಸರ್ ಚೂರೂ ಉಳಿದಿಲ್ಲ ಅಂದರು. ಕಡೆಗೆ ಹದಿನೈದು ದಿನ ಟೈಮು ಕೊಟ್ಟರು. ಅಷ್ಟರೊಳಗೆ ಬೇರೆ ಏನಾದರೂ ಆಧಾರ ತಂದರೆ ಸರಿ, ಇಲ್ಲದಿದ್ದರೆ ಸರ್ ಬರೆದ ಕಾಗದವೇ ಕಾಯಂ. ನೋಂದಣಿ ಹೋಗುತ್ತದೆ, ಕೈ ಹೊಲಸು ಅನ್ನುವುದು ದಫ್ತರದಲ್ಲಿ ಉಳಿಯುತ್ತದೆ.

ಬರುವಾಗ ಬಸ್ಸಿನಲ್ಲಿ ಒಂದು ವಿಷಯ ಹೊಳೆಯಿತು. ಸರ್ ನಾನು ಅವರ ಕೈಕೆಳಗಿದ್ದ ಮೂರು ವರ್ಷದಲ್ಲಿ ಒಂದು ದಿನವಾದರೂ ತ್ರೀ ಫೇಸ್ ಯಾವಾಗ ಬರುತ್ತದೆ, ಯಾವಾಗ ಹೋಗುತ್ತದೆ ಅಂತ ಕೇಳಿದವರಲ್ಲ. ಅವರ ಮನೆಯಲ್ಲಿ ದೀಪ ಉರಿಯುತ್ತದೆ, ಕೋಣೆಯಲ್ಲಿ ಫ್ಯಾನು ತಿರುಗುತ್ತದೆ. ಅವರ ಮಟ್ಟಿಗೆ ಕರೆಂಟು ಅಂದರೆ ಒಂದೇ ಜಾತಿ.

ನಾಲ್ಕನೆಯ ದಿನ ಅವರೇ ಫೋನು ಮಾಡಿದರು. ದನಿಯಲ್ಲಿ ಬೆಣ್ಣೆ. "ತಂಗಿ, ಇಷ್ಟೆಲ್ಲ ಯಾಕ? ಕೂತು ಮಾತಾಡೂನು."

"ಆಗಲ್ರಿ ಸರ್. ಗಿರಣಿಗಿ ಬರ್ರಿ. ಗುರುವಾರ ಹನ್ನೆರಡೂವರಿಗಿ."

"ಗಿರಣ್ಯಾಗ ಮಂದಿ ಇರ್ತಾರಲ್ಲ?"

"ಗಿರಣಿ ಸಪ್ಪಳದಾಗ ಒಬ್ಬರ ಮಾತು ಒಬ್ಬರಿಗಿ ಕೇಳಸೂದಿಲ್ರಿ. ಅದಕ್ಕಿಂತ ಖಾಸಗಿ ಜಾಗ ಭಾಲ್ಕ್ಯಾಗ ಎಲ್ಲದರಿ?"

ಅವರಿಗೆ ಅದು ಹಿಡಿಸಿತು.

ಗುರುವಾರವನ್ನೇ ಯಾಕೆ ಆರಿಸಿದೆ ಅಂದರೆ, ಆವತ್ತು ಕಾಲೇಜಿನ ಹಾಸ್ಟೆಲಿನ ಜೋಳ ಬೀಸಲು ಬರುತ್ತಿತ್ತು. ಜೊತೆಗೆ ವಾರ್ಡನ್ ಮಾಸ್ತರರು ತಾವೇ ಬಂದು ಬೆಂಚಿನ ಮೇಲೆ ಕೂರುತ್ತಿದ್ದರು, ಹಿಟ್ಟಿನಲ್ಲಿ ಒಂದು ಮುಷ್ಟಿ ಕಡಿಮೆಯಾದರೂ ಪ್ರಿನ್ಸಿಪಾಲರಿಗೆ ಬರೆದು ಕೊಡುವ ಮನುಷ್ಯ. ಕಂಡದ್ದನ್ನು ಕಂಡ ಹಾಗೆ ಬರೆಯುವ ಆ ಚಟಕ್ಕೆ ಕಾಲೇಜೆಲ್ಲ ಅವರನ್ನು ಬೈಯುತ್ತಿತ್ತು. ನನಗೆ ಅಂಥವರೇ ಬೇಕಿತ್ತು. ಇನ್ನು ಹೊತ್ತು ಯಾಕೆ ಹನ್ನೆರಡೂವರೆ ಅಂದರೆ, ಆ ತಿಂಗಳ ಕ್ಯಾಲೆಂಡರನ್ನು ನಾನು ದಿನಾ ಓದುತ್ತಿದ್ದೆ. ಹತ್ತಕ್ಕೆ ಬರುವುದು ಹಿಂದೆಮುಂದೆ ಆಗುತ್ತಿತ್ತು. ಒಂದಕ್ಕೆ ಹೋಗುವುದು ಮಾತ್ರ ಒಂದು ದಿನವೂ ತಪ್ಪಿರಲಿಲ್ಲ. "ಕೊಡೂದರಾಗ ತಡಾ ಮಾಡ್ತಾರ, ಕಸ್ಕೊಳ್ಳೂದರಾಗ ಮಿಂಟ್ ತಪ್ಪೂದಿಲ್ಲ" ಅಂತ ಕಾಕಿ ಬೈಯುತ್ತಿದ್ದಳು.

ಸರ್ ಬಂದರು. ಗೋಧಿಯ ಡಬ್ಬಿಯನ್ನೂ ತಂದಿದ್ದರು, ನೋಡಿದವರಿಗೆ ಅನುಮಾನ ಬರಬಾರದಲ್ಲ. ಗಿರಣಿ ಗುಡುಗುತ್ತಿತ್ತು. ಬೆಂಚಿನ ಮೇಲೆ ವಾರ್ಡನ್ ಮಾಸ್ತರರು, ಅವರಾಚೆ ಏಳೆಂಟು ಮಂದಿ ಮುಖಕ್ಕೆಲ್ಲ ಹಿಟ್ಟು ಮೆತ್ತಿಕೊಂಡು ಕೂತಿದ್ದರು. ಕಾಕಿ ಕೈಸನ್ನೆಯಲ್ಲೇ ಸರ್‌ಗೆ ಪಾಳಿ ತೋರಿಸಿದಳು, ಕಟ್ಟಕಡೆ. ನಾನು ಅವರನ್ನು ಮಷೀನಿನ ಪಕ್ಕಕ್ಕೇ ಕರೆದೆ, ಸಪ್ಪಳ ಅತಿ ಜೋರಿರುವಲ್ಲಿ.

ಅವರು ನನ್ನ ಕಿವಿಯ ಹತ್ತಿರ ಬಾಯಿ ತಂದು ಏನೋ ಹೇಳಿದರು. ನನಗೆ ಪೂರ್ತಿ ಕೇಳಿಸಿತು. ರಜಿಸ್ಟರು ತಪ್ಪು ಬರೆದದ್ದು ನನ್ನ ಸ್ವಂತ ಬುದ್ಧಿಯಿಂದ ಅಂತ ನಾನು ಬರೆದುಕೊಡಬೇಕು, ಆಮೇಲೆ ಅವರು ನೋಂದಣಿ ಉಳಿಸಿಕೊಡುತ್ತಾರೆ.

"ಆಂ? ಏನಂದ್ರಿ ಸರ್?"

ಮತ್ತೆ ಹೇಳಿದರು. ಸ್ವಲ್ಪ ಜೋರಾಗಿ.

"ಕೇಳಸವಲ್ದರಿ! ಇನ್ನಾ ಜೋರ ಹೇಳ್ರಿ!"

ಗಡಿಯಾರ ಹನ್ನೆರಡು ಐವತ್ತನ್ನು ದಾಟಿತ್ತು. ಬಾಯಿಗೆ ಕೈ ಅಡ್ಡ ಇಟ್ಟು ಅವರು ಕೂಗಿದರು. ನಾನು ಒಪ್ಪುವವಳ ಹಾಗೆ ಗೋಣು ಹಾಕಿದೆ, ಆಮೇಲೆ ಅಂದೆ, "ಬರ್ಕೊಡ್ತೇನ್ರಿ. ಒಂದೇ ಒಂದು ಮಾತು. ನನ್ನ ಕೈ ಹೊಲಸಿತ್ತೋ, ಭಟ್ಟಿ ತಣ್ಣಗಿತ್ತೋ, ನನಗಷ್ಟೇ ಹೇಳ್ರಿ. ಯಾರಿಗಿ ಕೇಳಸ್ತದ ಇಲ್ಲಿ?"

ಅವರು ಬೆಂಚಿನ ಕಡೆ ನೋಡಿದರು. ಯಾರೂ ಇತ್ತ ನೋಡುತ್ತಿರಲಿಲ್ಲ. ಏನೋ ಅಂದರು.

"ಆಂ?"

ಗಡಿಯಾರದ ಮುಳ್ಳು ಒಂದರ ಮೇಲೆ ಬಂತು. ಬಂದು ನಿಂತಿತು. ಏನೂ ಆಗಲಿಲ್ಲ. ಇವತ್ತೇ ಅವರು ಮರೆತುಬಿಟ್ಟರೇ ಕರೆಂಟಿನವರು, ಜೀವಮಾನದಲ್ಲಿ ಇವತ್ತೊಂದೇ ದಿನ ತಡವಾಗಿ ತೆಗೆಯುತ್ತಾರೇನು ಅಂತ ಬೆವೆತೆ.

"ಕೇಳಸವಲ್ದರಿ ಸರ್! ಪೂರಾ ಹೇಳ್ರಿ, ಅಂದ್ರ ಸಹಿ ಮಾಡ್ತೇನಿ!"

ಸರ್‌ಗೆ ಸಿಟ್ಟು ಬಂತು. ಕೊರಳಿನ ನರ ಉಬ್ಬಿಸಿಕೊಂಡು ಕೂಗತೊಡಗಿದರು. ಅದೇ ಗಳಿಗೆಗೆ ಮೋಟರಿನ ದನಿ ಕುಸಿಯಿತು. ಪಟ್ಟಾ ಸಡಿಲಾಗಿ ಪಟಪಟ ಅಂತ ಬಡಿದು, ಕಲ್ಲು ಒಂದೆರಡು ಸುತ್ತು ಸುಮ್ಮನೆ ತಿರುಗಿ ನಿಂತಿತು. ಸಿಟ್ಟಿನ ಭರದಲ್ಲಿ ಅವರಿಗೆ ಅದು ತಿಳಿಯಲೇ ಇಲ್ಲ.

"—ನಿನ್ನ ಕೈ ಹೊಲಸಿರಲಿಲ್ಲ! ಭಟ್ಟಿನೇ ಕಾದಿರಲಿಲ್ಲ, ನನಗ ಮೊದಲಿಂದನೂ ಗೊತ್ತಿತ್ತು! ಅರ್ಧ ಬಾಟಲಿ ಪುಡಿ ಇನ್ನಾ ನನ್ನ ಕಪಾಟಿನ್ಯಾಗ ಅದ, ಅದನ್ನ ಚೆಲ್ಲಿಬಿಡ್ತೇನಿ, ಯಾರಿಗೂ ಗೊತ್ತಾಗೂದಿಲ್ಲ!"

ಆ ಮೇಲಿನ ನಿಶ್ಶಬ್ದ ಹೇಗಿತ್ತು ಅಂದರೆ, ಗಾಳಿಯಲ್ಲಿದ್ದ ಹಿಟ್ಟು ನೆಲಕ್ಕೆ ಕೂರುವುದೂ ಕೇಳಿಸುವಂತಿತ್ತು. ಬೆಂಚಿನ ಮೇಲಿನವರೆಲ್ಲ ಇತ್ತ ತಿರುಗಿದ್ದರು. ಕಾಕಿ ಸೊಂಟಕ್ಕೆ ಕೈ ಇಟ್ಟುಕೊಂಡಳು.

"ನಮಗೆಲ್ಲ ಗೊತ್ತಾತರಿ ಸರ್," ಅಂದಳು. "ಇನ್ನೊಮ್ಮಿ ಹೇಳ್ತೀರೇನು? ಹೊರಗ ನಿಂತವರಿಗಿ ಕೇಳ್ಸಿಲ್ಲ."

ವಾರ್ಡನ್ ಮಾಸ್ತರರು ಕಿಸೆಯಿಂದ ಪೆನ್ನು ತೆಗೆದಾಗಿತ್ತು. "ಅರ್ಧ ಬಾಟಲಿ ಅಂದ್ರಲ್ಲ? ಯಾವ ಕಪಾಟು, ಗೋದ್ರೇಜೋ, ಕಟಿಗಿದೋ?"

ಸರ್ ಡಬ್ಬಿ ಬಿಟ್ಟೇ ಹೋದರು. ನಾನು ರಸ್ತೆಯ ತನಕ ಅವರ ಹಿಂದೆ ಹೋದೆ. ಏನೂ ಅನ್ನಬಾರದು, ಸುಮ್ಮನೆ ಬಿಡಬೇಕು ಅಂತ ದೊಡ್ಡವರು ಹೇಳುತ್ತಾರೆ. ನಾನು ಬಿಡಲಿಲ್ಲ. ಅಕ್ಕಪಕ್ಕದ ಅಂಗಡಿಯವರಿಗೂ ಕೇಳುವಷ್ಟು ಜೋರಾಗಿ, "ಸರ್, ನಿಮ್ಮ ಪಾಳಿ ನಾಳಿ ಹತ್ತಕ್ಕರಿ! ತ್ರೀ ಫೇಸ್ ಬಂದ ಮ್ಯಾಲ ಬರ್ರಿ!" ಅಂದೆ. ರಿ ಹಚ್ಚಿಯೇ ಅಂದೆ.

ಆಮೇಲಿನದ್ದು ಬೇಗ ಬೇಗ ಆಯಿತು. ವಾರ್ಡನ್ ಮಾಸ್ತರರು ಸರ್ ಬೆನ್ನಿಗೇ ಕಾಲೇಜಿಗೆ ಹೋಗಿ, ಅವತ್ತೇ ಮಧ್ಯಾಹ್ನ ಪ್ರಿನ್ಸಿಪಾಲರನ್ನು ಎದುರಿಗೆ ನಿಲ್ಲಿಸಿಕೊಂಡು ಕಪಾಟು ತೆರೆಸಿದರು. ಬಾಟಲಿ ಇತ್ತು. ಮೂರು ಪುಟದ ವರದಿ ಬರೆದರು, ಗಿರಣಿಯಲ್ಲಿ ಯಾರು ಯಾವ ಕಡೆ ಕೂತಿದ್ದರು ಅನ್ನುವುದನ್ನೂ ಬಿಡಲಿಲ್ಲ. ಮೇಡಂ ಆ ಪುಡಿಯನ್ನು ಬೀದರಿಗೆ ತರಿಸಿ, ಜನರೇಟರಿನ ಮೇಲೆ ಭಟ್ಟಿ ಹಚ್ಚಿಸಿ, ಬಿಡದೆ ಕಾಯಿಸಿದರು. ನನ್ನನ್ನೂ ಕರೆಸಿದ್ದರು, ಮುಟ್ಟಲು ಬಿಡಲಿಲ್ಲ, ದೂರ ಕುರ್ಚಿ ಹಾಕಿ ಕೂರಿಸಿದರು. ಯಾರ ಕೈಯೂ ಸೋಕದೆ, ಎಲ್ಲರ ಕಣ್ಣೆದುರೇ, ಎರಡನೆಯ ದಿನ ಸಂಜೆಗೆ ಪುಡಿ ಸತ್ತಿತು. ಅದನ್ನು ಹಾಕಿ ಕುದಿಸಿದ ತೈಲವನ್ನು ಮೇಡಂ ಗಾಜಿನ ಬಟ್ಟಲಲ್ಲಿ ಓರೆ ಮಾಡಿ ಹಿಡಿದರು. ಕದಲಲಿಲ್ಲ. ಸರ್ ಅದನ್ನು ನೋಡುತ್ತ ನಿಂತಿದ್ದರು. ನಾನು ತೈಲ ನೋಡಲಿಲ್ಲ, ಅವರನ್ನೇ ನೋಡುತ್ತಿದ್ದೆ. ಅಷ್ಟು ಚಂದದ ನೋಟ ನಾನು ಮತ್ತೆ ಕಂಡಿಲ್ಲ.

ನನ್ನ ಕೈಗಳ ಬಗ್ಗೆ ಬರೆದ ಕಾಗದ ರದ್ದಾಯಿತು. ಯೋಜನೆ ಸರ್ ಕೈಬಿಟ್ಟು ಹೋಯಿತು. ಸುಳ್ಳು ರಜಿಸ್ಟರು ಬರೆದದ್ದಕ್ಕೆ ನನಗೂ ಶಿಕ್ಷೆ ಆಯಿತು, ನೋಂದಣಿ ಉಳಿದರೂ ಒಂದು ವರ್ಷ ಹಿಂದೆ ಬಿದ್ದೆ. ಅದರ ಬಗ್ಗೆ ನನಗೆ ತಕರಾರಿಲ್ಲ. ಆ ವರ್ಷ ಗಿರಣಿಯಲ್ಲೇ ಜೋಳ ಅಳೆದೆ. ಸರ್ ಅವರ ಗೋಧಿಯ ಡಬ್ಬಿಯನ್ನು ಒಯ್ಯಲು ಯಾರೂ ಬರಲಿಲ್ಲ. ಕಾಕಿ ಬೀಸಿ ಬಂದವರಿಗೆಲ್ಲ ಚಪಾತಿ ಮಾಡಿ ಹಾಕಿದಳು. ನಾನು ನಾಲ್ಕು ತಿಂದೆ.

ಆಮೇಲೆ ಬೀದರಿನಲ್ಲಿ ಬೇರೆ ಮಾರ್ಗದರ್ಶಕರು ಸಿಕ್ಕರು. ನಾನು ಅಲ್ಯೂಮಿನಾ ಜೊತೆ ಬೇರೆ ಒಂದು ಆಕ್ಸೈಡು ಬೆರೆಸಿ ನಿಕ್ಕಲ್ ಕಣಗಳು ಜರುಗದ ಹಾಗೆ ಹಿಡಿದಿಡುವ ದಾರಿ ಹುಡುಕಿದೆ. ಬಹಳ ಸಲ ಸೋತು ಒಂದು ಸಲ ಗೆದ್ದೆ. ಪ್ರಬಂಧ ಬರೆಯುವಾಗ ಈ ಹಿಂದೆ ಯಾರು ಯಾರು ಏನು ಮಾಡಿದ್ದಾರೆ ಅಂತ ಹೇಳುವ ಜಾಗ ಬರುತ್ತದೆ. ಅಲ್ಲಿ ಸರ್ ಅವರ ಪ್ರಬಂಧವನ್ನೂ ಹೆಸರಿಸಬೇಕಿತ್ತು. ಒಂದು ವಾಕ್ಯ ಬರೆದೆ. ಒಂದು ವಾರ ಅದನ್ನೇ ತಿದ್ದಿದೆ. ಹೊಸ ಮಾರ್ಗದರ್ಶಕರು ಓದಿ, "ಸ್ವಲ್ಪ ಮೆತ್ತಗ ಮಾಡೂನೇನವಾ?" ಅಂದರು. ಬ್ಯಾಡ್ರಿ ಅಂದೆ.

ಅಚ್ಚಾಗಿ ಬಂದ ದಿನ ಖೋಲಿಗೆ ಒಯ್ದೆ. ಆಯಿಗೆ ಆಗ ಕಣ್ಣು ಮಂಜಾಗಿತ್ತು.

"ಅವನಿಗಿ ಬೈದೀದಿ ಅಂದ್ಯಲ್ಲ. ಓದು, ಕೇಳತೇನಿ."

ಕನ್ನಡ ಮಾಡಿ ಓದಿದೆ: "ಬಿಡದೆ ಕಾಯಿಸಿದಾಗ, ಹಿಂದೆ ವರದಿಯಾದ ಸ್ಥಿರತೆ ನಮಗೆ ಕಂಡುಬರಲಿಲ್ಲ."

ಆಯಿ ಮುಂದಿನದಕ್ಕೆ ಕಾದಳು. ಮುಂದೆ ಇರಲಿಲ್ಲ.

"ಇಷ್ಟೇನಾ? ಇದರಾಗ ಬೈಗುಳ ಎಲ್ಲದ?"

"ನಮ್ಮ ಕಸುಬಿನ್ಯಾಗ ಇದಕ್ಕಿಂತ ದೊಡ್ಡದು ಇಲ್ಲ ಆಯಿ. ಇನ್ನ ಮ್ಯಾಲ ಅವರ ಪುಡಿ ಬಗ್ಗೆ ಯಾರು ಓದಿದ್ರೂ ಇದನ್ನ ಓದೇ ಓದ್ತಾರ."

"ಎಷ್ಟು ದಿನ?"

"ಕಾಗದ ಇರೂತನ."

ಆಯಿ ಗೋಡೆಗೆ ಒರಗಿ ಕೂತು, ಸೆರಗಿನ ಗಂಟಿನಿಂದ ಅಡಿಕೆ ತೆಗೆದು ಬಾಯಿಗೆ ಹಾಕಿಕೊಂಡಳು. ಸ್ವಲ್ಪ ಹೊತ್ತು ಜಗಿದಳು.

"ಇನ್ನೊಮ್ಮಿ ಓದು," ಅಂದಳು.